ಏಪ್ರಿಲ್ ತಿಂಗಳ ಸಂಬಳ

ಏಪ್ರಿಲ್ ಎರಡನೆಯ ವಾರದಲ್ಲಿ ನಮ್ಮ ಸರ್ಕಾರಿ ಶಾಲೆಗಳಲ್ಲಿ ‘ಸಮುದಾಯದತ್ತ ಶಾಲೆ’ ನಡೆಯುತ್ತದೆ. ಅಂದು ಫಲಿತಾಂಶ ಓದುತ್ತೇವೆ, ಆಮೇಲೆ ಬೇಸಿಗೆ ರಜೆ. ಮಕ್ಕಳು ಸಮವಸ್ತ್ರ ಬಿಟ್ಟು ಹಬ್ಬದ ಬಟ್ಟೆ ತೊಟ್ಟು ಬರುತ್ತಾರೆ. ತಾಯಂದಿರು ಕೆಲಸ ಅರ್ಧಕ್ಕೆ ಬಿಟ್ಟು ಬಂದು ಹೊಂಗೆ ಮರದ ನೆರಳಿನಲ್ಲಿ ಕುಳಿತಿರುತ್ತಾರೆ. ಹೆಸರು ಕೂಗಿದಾಗ ಮಗು ಎದ್ದು ಬಂದು ಪ್ರಗತಿ ಪತ್ರ ಪಡೆದು, ಅದನ್ನು ಓದದೆಯೇ ಅಮ್ಮನ ಮಡಿಲಿಗೆ ಹಾಕಿ, ಮತ್ತೆ ಆಟಕ್ಕೆ ಓಡುತ್ತದೆ. ಈ ವರ್ಷವೂ, 2025ರ ಏಪ್ರಿಲ್‌ನಲ್ಲಿ, ಎಲ್ಲವೂ ಹೀಗೆಯೇ ನಡೆಯಿತು.

ಎಲ್ಲರೂ ಹೋದ ಮೇಲೆ, ಖಾಲಿ ಹುದ್ದೆಗೆ ವರ್ಷದ ಮಟ್ಟಿಗೆ ಬರುವ ನಮ್ಮ ಅತಿಥಿ ಶಿಕ್ಷಕಿ ಸಿಬ್ಬಂದಿ ಕೊಠಡಿಗೆ ಬಂದಳು. ಹಾಜರಿ ಪುಸ್ತಕ, ಬಣ್ಣದ ಸೀಮೆಸುಣ್ಣದ ಡಬ್ಬಿ, ಚಿಕ್ಕ ತರಗತಿಗಳ ನಲಿ-ಕಲಿ ಕಾರ್ಡುಗಳ ಕಟ್ಟು, ಕೊಠಡಿಯ ಬೀಗದ ಕೈ, ಇಷ್ಟನ್ನೂ ಮೇಜಿನ ಮೇಲಿಟ್ಟು, ಯಾವುದೂ ಕಡಿಮೆಯಾಗಿಲ್ಲ ಎಂದು ನನ್ನ ಮುಂದೆಯೇ ಎಣಿಸಿದಳು. ಆಮೇಲೆ ಕೇಳಿದಳು: “ಮೇಡಂ, ಜೂನ್‌ನಲ್ಲಿ ನಾನೇ ಬರುವುದಾ?”

ನನ್ನ ಬಳಿ ಉತ್ತರ ಇರಲಿಲ್ಲ. ಖಾಲಿ ಹುದ್ದೆಗೆ ಯಾರಾದರೂ ವರ್ಗವಾಗಿ ಬಂದರೆ ಅವಳ ಜಾಗ ಇಲ್ಲ. ಬರದಿದ್ದರೆ ಮತ್ತೆ ಅರ್ಜಿ, ಮತ್ತೆ ಮೆರಿಟ್ ಪಟ್ಟಿ, ಮತ್ತೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯ ನಡವಳಿ. ಮೂರು ವರ್ಷ ಒಂದು, ಎರಡು, ಮೂರನೆಯ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ಅಕ್ಷರ ಕಲಿಸಿದವಳು ಅವಳು. ಆ ದಿನದಿಂದ ಅವಳಿಗೆ ಸಂಬಳವಿಲ್ಲ. ಕಾಯಂ ಶಿಕ್ಷಕಿಯಾದ ನನಗೆ ಏಪ್ರಿಲ್ ಸಂಬಳವೂ ಬರುತ್ತದೆ, ಮೇ ಸಂಬಳವೂ ಬರುತ್ತದೆ. ನನ್ನ ಅಪ್ಪನಿಗೆ ಅವರು ಶಾಲೆ ಬಿಟ್ಟು ಇಪ್ಪತ್ತು ವರ್ಷವಾದರೂ ಪಿಂಚಣಿ ಬರುತ್ತದೆ. ಈ ಬೇಸಿಗೆಯಲ್ಲಿ ಇಷ್ಟು ದಿನ ನನ್ನ ತಲೆಯಲ್ಲಿ ಕುಳಿತಿರುವುದು ಈ ಮೂರು ಏಪ್ರಿಲ್‌ಗಳೇ.

ಅಪ್ಪನಿಂದ ಶುರು ಮಾಡುತ್ತೇನೆ. ಅವರು 1968ರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರಾಗಿ ಸೇರಿ 2005ರಲ್ಲಿ, ಆಗಿನ ನಿಯಮದಂತೆ 58ಕ್ಕೆ, ನಿವೃತ್ತರಾದರು. ಮೂರೇ ವರ್ಷ ತಡವಾಗಿ ಹುಟ್ಟಿದವರಿಗೆ ಇನ್ನೂ ಎರಡು ವರ್ಷ ಕೆಲಸ ಸಿಕ್ಕಿತು, ಏಕೆಂದರೆ 2008ರಲ್ಲಿ ನಿವೃತ್ತಿ ವಯಸ್ಸು 60 ಆಯಿತು. ನಾನು ಚಿಕ್ಕವಳಿದ್ದಾಗ ಸಂಬಳವೆಂದರೆ ಬಟವಾಡೆ. ಮುಖ್ಯೋಪಾಧ್ಯಾಯರು ತಾಲ್ಲೂಕು ಕೇಂದ್ರಕ್ಕೆ ಹೋಗಿ ಹಣ ತಂದು, ಮೇಜಿನ ಮೇಲೆ ನೋಟುಗಳನ್ನು ಜೋಡಿಸಿ, ಒಬ್ಬೊಬ್ಬರನ್ನೇ ಕರೆದು ಎಣಿಸಿ ಕೊಡುತ್ತಿದ್ದರು. ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ. ಅಪ್ಪ ಆ ದಿನ ಸೈಕಲ್ಲಿನ ಹಿಂದೆ ಒಂದು ಕಟ್ಟು ವೀಳ್ಯದೆಲೆ, ಮಕ್ಕಳಿಗೆ ಒಂದು ಪೊಟ್ಟಣ ಖಾರ ಕಟ್ಟಿಕೊಂಡು ಬರುತ್ತಿದ್ದರು. ಅಮ್ಮ ಹಣವನ್ನು ದೇವರ ಮುಂದಿಟ್ಟು ತೆಗೆದು ಪಾಲು ಮಾಡುತ್ತಿದ್ದಳು: ದಿನಸಿ ಅಂಗಡಿಯ ಸಾಲಕ್ಕೆ, ಹಾಲಿಗೆ, ಚೀಟಿಗೆ, ಅಜ್ಜಿಯ ಔಷಧಿಗೆ. ಎಲ್ಲವನ್ನೂ ಕೊಟ್ಟ ಮೇಲೆ ತಿಂಗಳ ಕೊನೆಯ ವಾರಕ್ಕೆ ಏನೂ ಉಳಿಯುತ್ತಿರಲಿಲ್ಲ. ಸಂಬಳ ದೊಡ್ಡದಾಗಿರಲಿಲ್ಲ. ಅಕ್ಕನ ಮದುವೆಗೆ ಭವಿಷ್ಯ ನಿಧಿಯಿಂದ (ಜಿಪಿಎಫ್) ತೆಗೆದರು, ಮನೆಯ ಮೇಲೆ ತಾರಸಿ ಹಾಕುವಾಗ ಕೆಜಿಐಡಿ ಪಾಲಿಸಿಯ ಮೇಲೆ ಸಾಲ ಮಾಡಿದರು. ಈ ಕೆಜಿಐಡಿ, ಅಂದರೆ ಸರ್ಕಾರಿ ವಿಮಾ ಇಲಾಖೆ, 1891ರಿಂದ ಇರುವ ಸಂಸ್ಥೆ. ಮೈಸೂರು ಸಂಸ್ಥಾನದ ಕಾಲದಲ್ಲೇ ನೌಕರನ ಮನೆಯವರು ಬೀದಿಗೆ ಬೀಳಬಾರದು ಎಂದು ಯೋಚಿಸಿದವರಿದ್ದರು.

ಅಪ್ಪನ ಸಂಬಳದಲ್ಲಿ ನಾವು ಸಿರಿವಂತರಾಗಿರಲಿಲ್ಲ, ಆದರೆ ಅಪ್ಪ ಎಂದೂ ಕಂಗೆಟ್ಟವರಲ್ಲ. ಮುಪ್ಪಿನ ಬಗ್ಗೆ ಅವರಿಗೆ ಹೆದರಿಕೆ ಇರಲಿಲ್ಲ. ಕೊನೆಯ ಮೂಲ ವೇತನದ ಅರ್ಧ ಪಿಂಚಣಿಯಾಗಿ ಬರುತ್ತದೆ, ಅದರ ಮೇಲೆ ತುಟ್ಟಿಭತ್ಯೆ ಬರುತ್ತದೆ, ತಾನು ಹೋದ ಮೇಲೆ ಹೆಂಡತಿಗೆ ಕುಟುಂಬ ಪಿಂಚಣಿ ಇದೆ ಎಂಬುದು ಅವರಿಗೆ ಗೊತ್ತಿತ್ತು. ವೇತನ ಆಯೋಗಗಳು ಬಂದಂತೆಲ್ಲ ಪಿಂಚಣಿಯೂ ಪರಿಷ್ಕರಣೆಯಾಗಿ, ಅವರು ನಿವೃತ್ತರಾದಾಗ ಪಡೆಯುತ್ತಿದ್ದ ಸಂಬಳಕ್ಕಿಂತ ಇಂದಿನ ಪಿಂಚಣಿಯೇ ಹೆಚ್ಚಾಗಿದೆ. ಪ್ರತಿ ನವೆಂಬರಿನಲ್ಲಿ ನಾನು ಅವರನ್ನು ಕರೆದುಕೊಂಡು ಹೋಗಿ ಜೀವಿತ ಪ್ರಮಾಣಪತ್ರ ಕೊಡಿಸುತ್ತೇನೆ. ಬೆರಳಚ್ಚು ಈಗ ಸರಿಯಾಗಿ ಕೂರುವುದಿಲ್ಲ. ಮೂರು ನಾಲ್ಕು ಸಲ ಒರೆಸಿ ಒತ್ತಬೇಕು. ಕೊನೆಗೆ ಹಸಿರು ದೀಪ ಹೊತ್ತಿಕೊಂಡಾಗ ಅವರ ಮುಖದಲ್ಲಿ ಕಾಣುವ ಸಮಾಧಾನವನ್ನು ಪ್ರತಿ ವರ್ಷ ನೋಡುತ್ತೇನೆ.

ಆ ಪಿಂಚಣಿ ಅವರೊಬ್ಬರದ್ದಾಗಿಯೂ ಉಳಿದಿಲ್ಲ. ನಮ್ಮದು ತಿಪಟೂರು ಸೀಮೆ, ತೆಂಗು ನಂಬಿದ ಊರು. ಮಳೆ ಕೈಕೊಟ್ಟು ಕೊಳವೆಬಾವಿ ಬತ್ತಿ ಮರಗಳ ಸುಳಿ ಒಣಗಿದ ವರ್ಷಗಳಲ್ಲಿ, ಕೊಬ್ಬರಿ ಬೆಲೆ ನೆಲಕಚ್ಚಿದ ವರ್ಷಗಳಲ್ಲಿ ಚಿಕ್ಕಪ್ಪನ ಮನೆಯ ಒಲೆ ಉರಿದದ್ದು ಅಪ್ಪನ ಪಿಂಚಣಿಯಿಂದ. ಅವರ ಮಗಳ ನರ್ಸಿಂಗ್ ಕಾಲೇಜಿನ ಶುಲ್ಕವೂ ಅದರಿಂದಲೇ ಹೋಯಿತು. ಹಳ್ಳಿಯಲ್ಲಿ ಒಬ್ಬ ನಿವೃತ್ತ ಮೇಷ್ಟರಿದ್ದರೆ ಅವರ ಸುತ್ತ ಎಷ್ಟು ಸಂಸಾರಗಳು ನೆಲೆ ನಿಂತಿರುತ್ತವೆ ಎಂಬುದು ಯಾವ ಆಯವ್ಯಯದ ಪುಸ್ತಕದಲ್ಲೂ ಕಾಣುವುದಿಲ್ಲ.

ಹಾಗೆಂದು ಪಕ್ಕದ ಮನೆಯ ಅಜ್ಜನನ್ನು ನಾನು ಮರೆಯುವುದಿಲ್ಲ. ಅಪ್ಪನಷ್ಟೇ ವಯಸ್ಸು. ಜೀವಮಾನವಿಡೀ ಬೇರೆಯವರ ತೋಟದಲ್ಲಿ ಕಾಯಿ ಕೆಡವಿ, ಸುಲಿದು, ಬೆನ್ನು ಬಾಗಿಸಿಕೊಂಡವರು. ಅವರಿಗೆ ಬರುವುದು ಸಂಧ್ಯಾ ಸುರಕ್ಷಾ ಎಂಬ ವೃದ್ಧಾಪ್ಯ ವೇತನ, ತಿಂಗಳಿಗೆ 1,200 ರೂಪಾಯಿ. “ಮೇಷ್ಟರಿಗೇನು ಬಿಡಮ್ಮ, ಸರ್ಕಾರವೇ ಸಾಕುತ್ತದೆ” ಎಂದು ಅವರು ಹೇಳುವಾಗ ದನಿಯಲ್ಲಿ ಹೊಟ್ಟೆಕಿಚ್ಚಿಲ್ಲ. ಆದರೂ ಆ ಮಾತು ನನಗೆ ತಾಗುತ್ತದೆ. ಶಿಕ್ಷಕರ ಪಿಂಚಣಿಯ ಬಗ್ಗೆ ಬರೆಯುವವರು ಆ ಅಜ್ಜನ ಕಣ್ಣು ತಪ್ಪಿಸಿ ಬರೆಯಬಾರದು.

ನಾನು ಸೇವೆಗೆ ಸೇರಿದ್ದು 2007ರ ಡಿಸೆಂಬರಿನಲ್ಲಿ. ಅಷ್ಟರೊಳಗೆ ಒಂದು ಏಪ್ರಿಲ್ ಬಂದು ಹೋಗಿತ್ತು. ಕೇಂದ್ರ ಸರ್ಕಾರ 2004ರ ಜನವರಿ 1ರಿಂದ ಹೊಸ ಪಿಂಚಣಿ ವ್ಯವಸ್ಥೆ (ಎನ್‌ಪಿಎಸ್) ತಂದಿತ್ತು, ಕರ್ನಾಟಕದಲ್ಲಿ ಅದು 2006ರ ಏಪ್ರಿಲ್ 1ರಿಂದ ಜಾರಿಯಾಯಿತು. ಆ ದಿನಾಂಕದ ನಂತರ ಸೇರಿದವರಿಗೆ ಖಾತ್ರಿ ಪಿಂಚಣಿ ಇಲ್ಲ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10 ನಮ್ಮ ಸಂಬಳದಿಂದ ಕಡಿತವಾಗುತ್ತದೆ, ಸರ್ಕಾರ ತನ್ನ ಪಾಲು ಶೇ 14 ಸೇರಿಸುತ್ತದೆ, ಹಣ ಮಾರುಕಟ್ಟೆಗೆ ಹೋಗುತ್ತದೆ. ನಿವೃತ್ತಿಯ ದಿನ ಎಷ್ಟು ಇರುತ್ತದೋ ಅಷ್ಟು. ಅದರಲ್ಲಿ ಶೇ 60ರಷ್ಟನ್ನು ಕೈಗೆ ತೆಗೆದುಕೊಳ್ಳಬಹುದು, ಉಳಿದ ಶೇ 40ರಲ್ಲಿ ವಿಮಾ ಕಂಪನಿಯಿಂದ ವರ್ಷಾಶನ ಕೊಳ್ಳಬೇಕು.

ಸೇರಿದ ಹೊಸದರಲ್ಲಿ ನನಗೆ ಇದು ಯಾವುದೂ ಅರ್ಥವಾಗಿರಲಿಲ್ಲ. ಇಪ್ಪತ್ತೈದರ ವಯಸ್ಸಿನಲ್ಲಿ ಪಿಂಚಣಿಯ ಬಗ್ಗೆ ಯಾರು ಯೋಚಿಸುತ್ತಾರೆ? ಆದೇಶ ಪತ್ರ ಹಿಡಿದು ಮನೆಗೆ ಬಂದಾಗ ಅಪ್ಪ ಮಾತ್ರ ಕನ್ನಡಕ ಹಾಕಿಕೊಂಡು ಷರತ್ತುಗಳನ್ನು ಒಂದೊಂದಾಗಿ ಓದಿ, ಒಂದು ಸಾಲಿನ ಮೇಲೆ ಬೆರಳಿಟ್ಟು ಸುಮ್ಮನಾದರು. ನಾನು ಸಿಹಿ ಹಂಚುವ ಸಡಗರದಲ್ಲಿದ್ದೆ. ಆ ಬೆರಳು ಎಲ್ಲಿ ನಿಂತಿತ್ತು ಎಂದು ತಿಳಿಯಲು ನನಗೆ ಹತ್ತು ವರ್ಷ ಬೇಕಾಯಿತು.

ಒಂದು ಲೆಕ್ಕ ಮಾಡಿ ನೋಡೋಣ. ನಿವೃತ್ತಿಯ ವೇಳೆಗೆ ಎನ್‌ಪಿಎಸ್ ಖಾತೆಯಲ್ಲಿ 30 ಲಕ್ಷ ರೂಪಾಯಿ ಸೇರಿದೆ ಎಂದಿಟ್ಟುಕೊಳ್ಳಿ. 18 ಲಕ್ಷ ಕೈಗೆ ಬರುತ್ತದೆ. ಉಳಿದ 12 ಲಕ್ಷಕ್ಕೆ ವಾರ್ಷಿಕ ಶೇ 6.5ರ ದರದಲ್ಲಿ ವರ್ಷಾಶನ ಸಿಕ್ಕಿತು ಎಂದರೆ ತಿಂಗಳಿಗೆ 6,500 ರೂಪಾಯಿ. ಕೈಗೆ ಬಂದ ಹಣವನ್ನು ಜಾಣತನದಿಂದ ಇಟ್ಟುಕೊಂಡರೆ ಅದಕ್ಕೂ ಬಡ್ಡಿ ಬರುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಹಳ್ಳಿಯ ಮನೆಯಲ್ಲಿ ಹದಿನೆಂಟು ಲಕ್ಷ ಎಷ್ಟು ದಿನ ಇಡುಗಂಟಾಗಿ ಉಳಿಯುತ್ತದೆ? ಮಗನ ವ್ಯಾಪಾರ, ಮಗಳ ಮದುವೆ, ಅಳಿಯನ ಸಾಲ, ಒಂದು ಹೃದಯದ ಶಸ್ತ್ರಚಿಕಿತ್ಸೆ. ಅಪ್ಪನ ಪಿಂಚಣಿಯನ್ನು ಯಾರೂ ಒಂದೇ ಸಲಕ್ಕೆ ಕೇಳಲು ಆಗಲಿಲ್ಲ, ಅದಕ್ಕೇ ಅದು ಉಳಿಯಿತು. ಪೂರ್ಣ ಸೇವೆ ಮಾಡಿ 80,000 ರೂಪಾಯಿ ಮೂಲ ವೇತನದಲ್ಲಿ ನಿವೃತ್ತರಾಗುವ ಹಳೆಯ ಪಿಂಚಣಿಯ ಶಿಕ್ಷಕರಿಗೆ ತಿಂಗಳಿಗೆ 40,000 ಮತ್ತು ಅದರ ಮೇಲೆ ತುಟ್ಟಿಭತ್ಯೆ. ಒಂದೇ ಕೊಠಡಿಯಲ್ಲಿ ಅಕ್ಕಪಕ್ಕ ಕುಳಿತು ಒಂದೇ ಪಾಠ ಮಾಡಿದ ಇಬ್ಬರ ಮುಪ್ಪು ಹೀಗೆ ಎರಡು ದಾರಿ ಹಿಡಿಯುತ್ತದೆ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಕ್ಲಸ್ಟರಿನಲ್ಲಿ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನಲ್ಲಿ, ನನಗಿಂತ ಸ್ವಲ್ಪ ಹಿರಿಯರಾದ ಒಬ್ಬ ಶಿಕ್ಷಕಿ ಇದ್ದಾರೆ. ಅವರ ನೇಮಕಾತಿಯ ಅಧಿಸೂಚನೆ ಹೊರಬಿದ್ದದ್ದು 2006ರ ಏಪ್ರಿಲ್‌ಗೂ ಮೊದಲು, ಆದರೆ ಆದೇಶ ಕೈಗೆ ಬಂದದ್ದು ಆ ದಿನಾಂಕ ದಾಟಿದ ಮೇಲೆ. ಕಡತ ಮೇಜಿನಿಂದ ಮೇಜಿಗೆ ಸರಿಯಲು ತೆಗೆದುಕೊಂಡ ಕಾಲದಿಂದಾಗಿ ಅವರು ಹೊಸ ವ್ಯವಸ್ಥೆಗೆ ಬಿದ್ದರು. ಹದಿನೇಳು ವರ್ಷ ಅವರು ಇದನ್ನು ಎಲ್ಲ ಸಭೆಗಳಲ್ಲೂ ಹೇಳಿಕೊಂಡು ಬಂದರು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಇಂಥವರನ್ನು, ಅಂದರೆ 2006ರ ಏಪ್ರಿಲ್ 1ಕ್ಕೆ ಮೊದಲೇ ಅಧಿಸೂಚನೆಯಾಗಿ ಆಮೇಲೆ ಸೇವೆಗೆ ಸೇರಿದ ಸುಮಾರು 13,000 ನೌಕರರನ್ನು, ಹಳೆಯ ಪಿಂಚಣಿ ವ್ಯಾಪ್ತಿಗೆ ತರಲು ಆದೇಶ ಹೊರಡಿಸಿತು. ಆ ವಾರದ ಸಮಾಲೋಚನಾ ಸಭೆಗೆ ಅವರು ಒಂದು ಕಿಲೋ ಪೇಡ ತಂದಿದ್ದರು. ನನಗೆ ಕೊಡುವಾಗ ಕೈ ಹಿಡಿದು ಅತ್ತರು. ನನಗೂ ಸಂತೋಷವಾಯಿತು, ಇದನ್ನು ಮನಸ್ಸಿನಿಂದಲೇ ಹೇಳುತ್ತೇನೆ. ಮನೆಗೆ ಬರುವ ಬಸ್ಸಿನಲ್ಲಿ ಕುಳಿತಾಗ ಮಾತ್ರ, ನಮ್ಮಿಬ್ಬರ ನಡುವೆ ಇರುವುದು ಇಪ್ಪತ್ತು ತಿಂಗಳ ಅಂತರ ಎಂಬ ಲೆಕ್ಕ ಬಿಡದೆ ಕಾಡಿತು.

ರಾಜಸ್ಥಾನ, ಛತ್ತೀಸಗಢ, ಹಿಮಾಚಲ ಪ್ರದೇಶಗಳಂಥ ರಾಜ್ಯಗಳು ಹಳೆಯ ಪಿಂಚಣಿಗೆ ಮರಳುವ ತೀರ್ಮಾನ ಮಾಡಿದವು. ಕೇಂದ್ರ ತನ್ನ ನೌಕರರಿಗೆ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಎಂಬ ನಡುವಿನ ದಾರಿ ತೆರೆದಿದೆ. 25 ವರ್ಷ ಸೇವೆ ಮಾಡಿದವರಿಗೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲ ವೇತನದ ಅರ್ಧದಷ್ಟು ಖಾತ್ರಿ. ಯಾವುದು ಸರಿ ಎಂಬ ಚರ್ಚೆಯಲ್ಲಿ ನನ್ನ ಪಕ್ಷ ಸ್ಪಷ್ಟ: ಮೂವತ್ತು ವರ್ಷ ದುಡಿಸಿಕೊಂಡ ಮೇಲೆ ಒಂದು ಖಾತ್ರಿ ಮೊತ್ತ ಕೊಡಲೇಬೇಕು, ಆ ಮೊತ್ತ ಮಾರುಕಟ್ಟೆಯ ಏರಿಳಿತಕ್ಕೆ ಸಿಕ್ಕಬಾರದು. ಬೊಕ್ಕಸಕ್ಕೆ ಇದು ಭಾರವೆಂಬುದು ಸುಳ್ಳಲ್ಲ. ಹಳೆಯ ಪಿಂಚಣಿಗೆ ಯಾವ ನಿಧಿಯೂ ಇಲ್ಲ, ಆಯಾ ವರ್ಷದ ತೆರಿಗೆಯಿಂದಲೇ ಕೊಡಬೇಕು. ಆ ತೆರಿಗೆಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ಕೊಳ್ಳುವ ಬೀಡಿಯ, ಸಾಬೂನಿನ ತೆರಿಗೆಯೂ ಸೇರಿದೆ. ಆದ್ದರಿಂದಲೇ ಶಿಕ್ಷಕರ ಸಂಘಗಳು ಪಿಂಚಣಿ ಕೇಳುವಾಗ ಆ ಅಜ್ಜನ 1,200 ರೂಪಾಯಿಯ ಬಗ್ಗೆಯೂ ಬಾಯಿ ತೆರೆಯಬೇಕೆಂದು ನಾನು ಅನೇಕ ಸಭೆಗಳಲ್ಲಿ ಹೇಳಿದ್ದೇನೆ. ಹೆಚ್ಚು ಜನ ಕಿವಿಗೊಟ್ಟಿಲ್ಲ.

ಇನ್ನು ಸಂಬಳದ ಮಾತು. ಅದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ, ಊರಿನವರಿಗೆಲ್ಲ ಗೊತ್ತಿರುವುದೇ. ನಿವೃತ್ತ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರ ರಾವ್ ನೇತೃತ್ವದ ರಾಜ್ಯದ ಏಳನೆಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾಯಿತು. ಪ್ರಾಥಮಿಕ ಶಾಲಾ ಶಿಕ್ಷಕರ ಆರಂಭಿಕ ಮೂಲ ವೇತನ 25,800ರಿಂದ 41,300 ರೂಪಾಯಿಗೆ ಏರಿತು. ಆ ಏರಿಕೆಯಲ್ಲಿ ಅದಾಗಲೇ ಸಿಗುತ್ತಿದ್ದ ಶೇ 31ರ ತುಟ್ಟಿಭತ್ಯೆ ವಿಲೀನವಾಗಿದೆ, ನಿಜವಾದ ಹೆಚ್ಚಳ ಶೇ 27.5. 2025ರ ಆರಂಭಕ್ಕೆ ತುಟ್ಟಿಭತ್ಯೆ ಶೇ 12.25 ಇತ್ತು, ಹಳ್ಳಿಯಲ್ಲಿ ಮನೆ ಬಾಡಿಗೆ ಭತ್ಯೆ ಶೇ 7.5. ಎಲ್ಲ ಸೇರಿ ಆಗ ಸೇವೆಗೆ ಸೇರಿದ ಶಿಕ್ಷಕರಿಗೆ ತಿಂಗಳಿಗೆ ಸುಮಾರು 49,500 ರೂಪಾಯಿ, ಅದರಲ್ಲಿ ಎನ್‌ಪಿಎಸ್‌ಗೆ 4,600ರಷ್ಟು, ಜೊತೆಗೆ ಕೆಜಿಐಡಿ, ವೃತ್ತಿ ತೆರಿಗೆ ಕಡಿತ. ವರ್ಷಕ್ಕೊಂದು ವೇತನ ಬಡ್ತಿ, ಹತ್ತು ವರ್ಷಕ್ಕೆ ಕಾಲಬದ್ಧ ಬಡ್ತಿ, ಗಳಿಕೆ ರಜೆ, 180 ದಿನದ ಹೆರಿಗೆ ರಜೆ, 2021ರಿಂದ ಮಹಿಳೆಯರಿಗೆ ಮಕ್ಕಳ ಆರೈಕೆ ರಜೆ. ಇದು ಒಳ್ಳೆಯ ಸಂಬಳ. ಸುಖದ ಕೆಲಸವಲ್ಲದಿದ್ದರೂ ಗೌರವದ ಬದುಕು ಕೊಡುವ ಸಂಬಳ. ಹಾಗೆ ಹೇಳಲು ನನಗೆ ಸಂಕೋಚವಿಲ್ಲ.

“ಇಷ್ಟು ಸಂಬಳ ತೆಗೆದುಕೊಂಡು ನಿಮ್ಮ ಮಕ್ಕಳನ್ನೇಕೆ ಕಾನ್ವೆಂಟಿಗೆ ಕಳುಹಿಸುತ್ತೀರಿ?” ಎಂದು ಕೇಳುವವರಿಗೆ ನನ್ನಲ್ಲಿ ಸಮರ್ಥನೆ ಇಲ್ಲ. ನನ್ನ ಮಗನೂ ಏಳನೆಯ ತರಗತಿಯವರೆಗೆ ಪಟ್ಟಣದ ಖಾಸಗಿ ಶಾಲೆಯಲ್ಲಿ ಓದಿದ. ನಾನು ಕಲಿಸುವ ಶಾಲೆ ನನ್ನ ಮಗನಿಗೆ ಸಾಲದು ಎಂದು ಅಂದು ನಾನೇ ತೀರ್ಮಾನಿಸಿದ್ದೆ. ಆ ತೀರ್ಮಾನ ತಪ್ಪಾಗಿತ್ತು. ಎಂಟನೆಯ ತರಗತಿಗೆ ಅವನನ್ನು ಸರ್ಕಾರಿ ಪ್ರೌಢಶಾಲೆಗೆ ಸೇರಿಸಿದೆ. ಅವನು ಅಲ್ಲಿ ಚೆನ್ನಾಗಿ ಕಲಿಯುತ್ತಿದ್ದಾನೆ.

ಆದರೆ ಈ ಬರಹಕ್ಕೆ ನನ್ನನ್ನು ಕೂರಿಸಿದ್ದು ನನ್ನ ಸಂಬಳವಲ್ಲ, 2023ರ ಮಾರ್ಚ್ 1ರ ನೆನಪು. ಅಂದು ರಾಜ್ಯದ ಸರ್ಕಾರಿ ನೌಕರರು ಅನಿರ್ದಿಷ್ಟ ಮುಷ್ಕರಕ್ಕೆ ಕರೆ ಕೊಟ್ಟಿದ್ದರು. ವೇತನ ಪರಿಷ್ಕರಣೆ, ಹಳೆಯ ಪಿಂಚಣಿ ಎರಡೂ ಬೇಡಿಕೆಯಲ್ಲಿದ್ದವು. ನಾವು ಕಾಯಂ ಶಿಕ್ಷಕರು ಯಾರೂ ಶಾಲೆಗೆ ಹೋಗಲಿಲ್ಲ. ಆ ದಿನವೇ ಸರ್ಕಾರ ಮೂಲ ವೇತನದ ಶೇ 17ರಷ್ಟು ಮಧ್ಯಂತರ ಪರಿಹಾರ ಘೋಷಿಸಿತು, ಪಿಂಚಣಿಯ ಅಧ್ಯಯನಕ್ಕೆ ಸಮಿತಿ ರಚಿಸುವುದಾಗಿ ಹೇಳಿತು, ಮುಷ್ಕರ ಮುಗಿಯಿತು. ಮರುದಿನ ನಾನು ಶಾಲೆಗೆ ಹೋದಾಗ ಎರಡನೆಯ ತರಗತಿಯ ಹುಡುಗಿಯೊಬ್ಬಳು ಓಡಿ ಬಂದು, “ಟೀಚರ್, ನಿನ್ನೆ ಎಲ್ಲ ಕ್ಲಾಸಿನವರೂ ಒಟ್ಟಿಗೆ ಕುಳಿತಿದ್ದೆವು” ಎಂದಳು. ನಮ್ಮ ಅತಿಥಿ ಶಿಕ್ಷಕಿ ಬಂದು ಬಾಗಿಲು ತೆರೆದಿದ್ದಳು. ಅಡುಗೆಯವರು ಬಂದಿದ್ದರು. ಇಬ್ಬರೂ ಸೇರಿ ಊರಿನ ಅಷ್ಟೂ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿ ಹಾಡು ಹೇಳಿಸಿ, ಊಟ ಬಡಿಸಿ, ಸಂಜೆಯವರೆಗೆ ನೋಡಿಕೊಂಡಿದ್ದರು.

ನಮಗೆ ಏಪ್ರಿಲ್‌ನಿಂದ ಶೇ 17 ಸೇರಿತು. ಆ ವರ್ಷದ ಏಪ್ರಿಲ್‌ನಲ್ಲೂ ಅವಳು ಬೀಗದ ಕೈ ಕೊಟ್ಟು ಮನೆಗೆ ಹೋದಳು.

ಮುಷ್ಕರ ಮಾಡುವುದಕ್ಕೂ ಒಂದು ಕಾಯಂ ಹುದ್ದೆ ಬೇಕು ಎಂಬುದು ನನಗೆ ಅಂದು ಹೊಳೆಯಿತು. ಅವಳು ಒಂದು ದಿನ ಬರದಿದ್ದರೆ ಆ ದಿನದ ಹಣ ಹೋಗುತ್ತದೆ. ನಾಲ್ಕು ದಿನ ಬರದಿದ್ದರೆ ಬೇರೆಯವರು ಬರುತ್ತಾರೆ. ಅವಳು ಬಿ.ಎ. ಮಾಡಿದ್ದಾಳೆ, ಡಿ.ಇಡಿ. ಮಾಡಿದ್ದಾಳೆ, ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾಳೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಅವಳಂಥವರು 50 ಸಾವಿರದ ಆಸುಪಾಸಿನಲ್ಲಿದ್ದಾರೆ. 2024-25ರ ಸಾಲಿನಲ್ಲಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 10,000 ರೂಪಾಯಿ, ಪ್ರೌಢಶಾಲೆಯವರಿಗೆ 10,500. 2025ರ ಮಾರ್ಚ್‌ನ ಬಜೆಟ್ಟಿನಲ್ಲಿ 2,000 ರೂಪಾಯಿ ಹೆಚ್ಚಿಸುವುದಾಗಿ ಸರ್ಕಾರ ಹೇಳಿತು. ಹೆಚ್ಚಳ ಬಂದರೂ ಅದು ಹೊಸ ಕಾಯಂ ಶಿಕ್ಷಕರ ಸಂಬಳದ ಕಾಲು ಭಾಗ ಮುಟ್ಟುವುದಿಲ್ಲ. ಅದೂ ತಿಂಗಳು ತಿಂಗಳು ಬರುವುದಿಲ್ಲ. ಅನುದಾನ ಬಿಡುಗಡೆಯಾದಾಗ ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುತ್ತದೆ. ಅಲ್ಲಿಯವರೆಗೆ ಬಸ್ಸಿನ ಚಾರ್ಜು, ಮಗುವಿನ ಹಾಲು, ಗ್ಯಾಸ್ ಸಿಲಿಂಡರು ಕಾಯಬೇಕು. ಅವು ಕಾಯುವುದಿಲ್ಲ.

ಅವಳು ಎರಡನೆಯ ಮಗುವಿನ ಬಸುರಿಯಾಗಿದ್ದಾಗ ಎಂಟನೆಯ ತಿಂಗಳವರೆಗೆ ಬಂದಳು. ಹೆರಿಗೆಯಾದ ಐವತ್ತನೆಯ ದಿನಕ್ಕೆ ಮತ್ತೆ ಬಂದಳು. ಆ ನಡುವಿನ ದಿನಗಳಲ್ಲಿ ಅವಳ ಜಾಗ ಹೋಗದಿರಲಿ ಎಂದು ನಾವು ಅವಳ ತರಗತಿಯನ್ನು ಹಂಚಿಕೊಂಡು ನಡೆಸಿದೆವು. ನನ್ನ ಮಗ ಹುಟ್ಟಿದಾಗ ನಾನು ಆರು ತಿಂಗಳು ಸಂಬಳ ಸಮೇತ ಮನೆಯಲ್ಲಿದ್ದೆ, ಎಣ್ಣೆ ನೀರು ಹಾಕಿಸಿಕೊಂಡು, ಅಮ್ಮನ ಕೈಯ ಬಾಣಂತಿ ಊಟ ಉಂಡುಕೊಂಡು. ಅವಳು ಮಧ್ಯಾಹ್ನದ ಬಿಡುವಿನಲ್ಲಿ ಆಟೊ ಹಿಡಿದು ಮನೆಗೆ ಹೋಗಿ ಹಾಲೂಡಿಸಿ ಬರುತ್ತಿದ್ದಳು. ಒಂದು ದಿನ ಕಪ್ಪುಹಲಗೆಯ ಮುಂದೆ ನಿಂತಿದ್ದವಳ ರವಿಕೆ ಒದ್ದೆಯಾಗಿದ್ದನ್ನು ನೋಡಿ ನಾನು ನನ್ನ ಶಾಲು ಕೊಟ್ಟೆ. ಆಕೆ ಒಂದು ಮಾತೂ ಆಡದೆ ಹೊದ್ದುಕೊಂಡು, ನಲಿ-ಕಲಿಯಲ್ಲಿ ಮಕ್ಕಳು ಮೊದಲು ಕಲಿಯುವ ‘ರಗಸದಅ’ ಅಕ್ಷರಗಳನ್ನು ಬರೆಯುವುದನ್ನು ಮುಂದುವರಿಸಿದಳು.

ಕಳೆದ ವಾರ ಬೇಸಿಗೆಯ ಬಿಸಿಲಿನಲ್ಲಿ ಊರಿನ ಕೆರೆಯ ಕಡೆ ಹೋಗುವಾಗ ಉದ್ಯೋಗ ಖಾತ್ರಿಯ ಕೆಲಸ ನಡೆಯುತ್ತಿತ್ತು. ಹೂಳು ತುಂಬಿದ ಬಾಣಲಿ ಹೊತ್ತವರ ಸಾಲಿನಲ್ಲಿ ಅವಳೂ ಇದ್ದಳು. ತಲೆಗೆ ಟವೆಲ್ ಕಟ್ಟಿಕೊಂಡಿದ್ದಳು. ಅವಳ ಹಿಂದೆ ನಡೆಯುತ್ತಿದ್ದ ಹೆಂಗಸು ಅವಳ ವಿದ್ಯಾರ್ಥಿಯ ತಾಯಿ. ನನ್ನನ್ನು ಕಂಡು ಬಾಣಲಿ ಇಳಿಸಿ, “ನಮಸ್ಕಾರ ಮೇಡಂ” ಎಂದಳು. 2025ರ ಏಪ್ರಿಲ್‌ನಿಂದ ಉದ್ಯೋಗ ಖಾತ್ರಿಯ ಕೂಲಿ ಕರ್ನಾಟಕದಲ್ಲಿ ದಿನಕ್ಕೆ 370 ರೂಪಾಯಿ ಆಗಿತ್ತು. ಹತ್ತು ಸಾವಿರವನ್ನು 26 ದಿನಕ್ಕೆ ಹಂಚಿದರೆ ಪಾಠ ಮಾಡಿದ್ದಕ್ಕೆ ಅವಳಿಗೆ ಬಿದ್ದದ್ದು ದಿನಕ್ಕೆ ಸುಮಾರು 385. ಮಣ್ಣು ಹೊರುವ ಕೆಲಸ ಕೀಳಲ್ಲ, ನನ್ನ ಅಜ್ಜಿ ಹೊತ್ತಿದ್ದಾಳೆ. ಆದರೆ ಮಗುವಿಗೆ ಓದು ಕಲಿಸುವ ಒಂದು ದಿನಕ್ಕೂ ಹೂಳೆತ್ತುವ ಒಂದು ದಿನಕ್ಕೂ ಸರ್ಕಾರ ಕೇವಲ 15 ರೂಪಾಯಿ ವ್ಯತ್ಯಾಸ ಇಟ್ಟಿದೆ ಎಂಬ ಲೆಕ್ಕ ಅಂದು ರಾತ್ರಿ ನನಗೆ ನಿದ್ದೆ ಕೊಡಲಿಲ್ಲ.

ಕಡತಗಳಲ್ಲಿ ಅವಳಿಗೆ ಕೊಡುವ ಹಣಕ್ಕೆ ಸಂಬಳ ಎನ್ನುವುದಿಲ್ಲ, ವೇತನ ಎನ್ನುವುದಿಲ್ಲ, ‘ಗೌರವಧನ’ ಎನ್ನುತ್ತಾರೆ. ಬಿಸಿಯೂಟದ ಅಡುಗೆಯವರಿಗೂ ಅದೇ ಪದ, ಅಂಗನವಾಡಿಯವರಿಗೂ ಅದೇ ಪದ. ನಾನು ಗಮನಿಸಿದಂತೆ ಎಲ್ಲಿ ಹಣ ಕಡಿಮೆಯೋ ಅಲ್ಲಿ ಈ ಪದ ಇರುತ್ತದೆ. ಅಪ್ಪ ಸಂಸ್ಕೃತ ಬಲ್ಲವರು. ಸಂಬಳ ಎಂಬುದು ‘ಶಂಬಲ’ದಿಂದ ಬಂದದ್ದು, ಶಂಬಲವೆಂದರೆ ದಾರಿಬುತ್ತಿ ಎಂದು ಒಮ್ಮೆ ಹೇಳಿದ್ದರು. ದಾರಿ ಮುಗಿಯುವವರೆಗೂ ಬರಬೇಕಾದ ಬುತ್ತಿ. ಅತಿಥಿ ಎಂಬ ಪದವನ್ನೂ ಅವರೇ ಬಿಡಿಸಿ ಹೇಳಿದ್ದರು: ತಿಥಿ ಇಲ್ಲದವನು, ಬರುವ ದಿನ ನಿಗದಿಯಾಗಿಲ್ಲದವನು. ನಮ್ಮ ಅತಿಥಿ ಶಿಕ್ಷಕಿಗೆ ಹೋಗುವ ತಿಥಿ ಮಾತ್ರ ನಿಗದಿಯಾಗಿದೆ, ಮರಳಿ ಬರುವ ತಿಥಿಯೂ ಇಲ್ಲ, ಹಣ ಕೈಸೇರುವ ತಿಥಿಯೂ ಇಲ್ಲ.

ಹಣವಿಲ್ಲ ಎಂಬ ಉತ್ತರವನ್ನು ಕೇಳಿ ಕೇಳಿ ಒಂದು ರಾತ್ರಿ ನಾನೇ ಕಾಗದ ಪೆನ್ಸಿಲು ಹಿಡಿದು ಕುಳಿತೆ. ಲೆಕ್ಕದ ಅನುಕೂಲಕ್ಕೆ ಅತಿಥಿ ಶಿಕ್ಷಕರ ಸಂಖ್ಯೆ 50,000 ಎಂದಿಟ್ಟುಕೊಂಡೆ. ಹೊಸ ದರ 12,000ದಂತೆ ತಿಂಗಳಿಗೆ 60 ಕೋಟಿ ರೂಪಾಯಿ. ಏಪ್ರಿಲ್, ಮೇ ಎರಡು ತಿಂಗಳಿಗೂ ಕೊಟ್ಟರೆ 120 ಕೋಟಿ. ಏಳನೆಯ ವೇತನ ಆಯೋಗ ಜಾರಿ ಮಾಡುವಾಗ ಅದರಿಂದ ವರ್ಷಕ್ಕೆ 20,208 ಕೋಟಿ ರೂಪಾಯಿ ಹೆಚ್ಚುವರಿ ವೆಚ್ಚವಾಗುತ್ತದೆ ಎಂದು ಸರ್ಕಾರವೇ ಹೇಳಿತ್ತು. ನಮಗೆಲ್ಲ ಅಷ್ಟು ಕೊಡಲು ಸಾಧ್ಯವಾದ ಬೊಕ್ಕಸಕ್ಕೆ, ಇವರ ಎರಡು ತಿಂಗಳ ಒಲೆ ಉರಿಸಲು ಅದರ ನೂರರಲ್ಲಿ ಒಂದು ಪಾಲೂ ಬೇಕಾಗಿಲ್ಲ. ಲೆಕ್ಕ ತಪ್ಪಿರಬಹುದೇ ಎಂದು ಎರಡು ಸಲ ಗುಣಿಸಿ ನೋಡಿದೆ. ತಪ್ಪಿರಲಿಲ್ಲ. ನಮ್ಮ ಬೇಡಿಕೆ ಪಟ್ಟಿಯ ಕೊನೆಯಲ್ಲಾದರೂ ಈ 120 ಕೋಟಿಯನ್ನು ಸೇರಿಸಬೇಕಿತ್ತು. ನಾವು ಸೇರಿಸಲಿಲ್ಲ. ಮುಷ್ಕರದ ದಿನ ಘೋಷಣೆ ಕೂಗಿದವರಲ್ಲಿ ನಾನೂ ಒಬ್ಬಳು, ಆದ್ದರಿಂದ ಈ ತಪ್ಪಿನಲ್ಲಿ ನನಗೂ ಪಾಲಿದೆ.

ಕಾಯಂ ನೇಮಕಾತಿಯೇ ಇದಕ್ಕೆ ನಿಜವಾದ ಪರಿಹಾರ ಎಂಬುದು ಗೊತ್ತಿರುವ ಮಾತು. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಪರೀಕ್ಷೆ ನಡೆಯಿತು. ಆಯ್ಕೆ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿತು. ವಿವಾಹಿತ ಮಹಿಳೆಯರು ಜಾತಿ, ಆದಾಯ ಪ್ರಮಾಣಪತ್ರವನ್ನು ತಂದೆಯ ಹೆಸರಿನಲ್ಲಿ ಕೊಡಬೇಕೋ ಗಂಡನ ಹೆಸರಿನಲ್ಲಿ ಕೊಡಬೇಕೋ ಎಂಬುದು ತಕರಾರು. ಅದು ಇತ್ಯರ್ಥವಾಗುವವರೆಗೆ ಶಾಲೆಗಳು ಕಾದವು. ಕಾದ ಶಾಲೆಗಳಲ್ಲಿ ಪಾಠ ಮಾಡಿದವರು ಮತ್ತೆ ಇವರೇ.

ಇದರಲ್ಲಿ ಮಕ್ಕಳು ಕಳೆದುಕೊಳ್ಳುವುದು ಏನು ಎಂದು ಹೇಳದಿದ್ದರೆ ನನ್ನ ಮಾತು ಬರೀ ಹಣದ ಮಾತಾಗುತ್ತದೆ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಶಿಕ್ಷಕರು ಶುರು ಮಾಡಿದ ನಲಿ-ಕಲಿ ಈಗ ಇಡೀ ರಾಜ್ಯದ ಮೊದಲ ಮೂರು ತರಗತಿಗಳ ಪದ್ಧತಿ. ಅಲ್ಲಿ ಪಾಠಪುಸ್ತಕದ ಇಂತಿಷ್ಟನೆಯ ಪುಟ ಎಂಬುದಿಲ್ಲ. ಒಂದು ಕಲಿಕಾ ಏಣಿ ಇರುತ್ತದೆ, ಮೈಲಿಗಲ್ಲುಗಳಿರುತ್ತವೆ, ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಒಂದನೆಯ ತರಗತಿಗೆ ಬಂದ ಮಗು ಮೂರು ವರ್ಷ ಅದೇ ಕೊಠಡಿಯಲ್ಲಿ, ಅದೇ ಶಿಕ್ಷಕಿಯ ಕೈಯಲ್ಲಿ ಬೆಳೆಯಬೇಕು. ಯಾವ ಮಗು ಯಾವ ಕಾರ್ಡಿನಲ್ಲಿ ಎಡವುತ್ತದೆ, ಯಾರಿಗೆ ಗದರಿದರೆ ಮಾತೇ ನಿಂತುಹೋಗುತ್ತದೆ, ಯಾರ ಅಪ್ಪ ಕುಡಿದು ಬಂದ ಮರುದಿನ ಮಗು ಮಂಕಾಗಿರುತ್ತದೆ, ಇದೆಲ್ಲ ಶಿಕ್ಷಕಿಯ ತಲೆಯಲ್ಲಿರುತ್ತದೆ. ಪ್ರತಿ ಜೂನ್‌ನಲ್ಲಿ ಆ ತಲೆಯನ್ನೇ ಬದಲಾಯಿಸಿದರೆ ಮಗು ಮತ್ತೆ ಕೆಳಗಿನ ಮೆಟ್ಟಿಲಿನಿಂದ ಶುರು ಮಾಡಬೇಕು. ಸೇವಾ ಭದ್ರತೆ ಎಂಬ ಪದವನ್ನು ನಾವು ನೌಕರರು ನಮ್ಮ ಸವಲತ್ತು ಎಂದು ಬಳಸುತ್ತೇವೆ. ಆ ಭದ್ರತೆ ಮೊದಲು ಬೇಕಿರುವುದು ಮಗುವಿಗೆ.

ಫಲಿತಾಂಶ ಓದಿದ ದಿನ ಅವಳು ಮೇಜಿನ ಮೇಲಿಟ್ಟ ವಸ್ತುಗಳಲ್ಲಿ ಒಂದನ್ನು ನಾನು ಹೇಳಲಿಲ್ಲ. ಎಲ್ಲವನ್ನೂ ಎಣಿಸಿಕೊಟ್ಟ ಮೇಲೆ ತನ್ನ ಚೀಲದಿಂದ ನೂರು ಪುಟದ ಒಂದು ಬರೆಯುವ ಪುಸ್ತಕ ತೆಗೆದು, “ಇದು ಲೆಕ್ಕಕ್ಕೆ ಸೇರಿದ್ದಲ್ಲ ಮೇಡಂ, ಜೂನ್‌ನಲ್ಲಿ ಯಾರು ಬಂದರೂ ಕೊಡಿ” ಎಂದಳು. ಮನೆಗೆ ತಂದು ತೆರೆದು ನೋಡಿದೆ. ಒಂದೊಂದು ಮಗುವಿಗೆ ಒಂದೊಂದು ಪುಟ. ದುಂಡು ಅಕ್ಷರ, ಮಕ್ಕಳು ನೋಡಿ ಬರೆಯಲೆಂದೇ ಬರೆದಂತೆ. ಒಂದು ಪುಟದಲ್ಲಿ: “ಒತ್ತಕ್ಷರ ಓದುತ್ತಾನೆ, ಬರೆಯುವಾಗ ಬಿಡುತ್ತಾನೆ. ಎಡಗೈ. ಬಲಗೈಗೆ ಬದಲಾಯಿಸಬೇಡಿ.” ಇನ್ನೊಂದರಲ್ಲಿ: “ದಶಕ ಬಂದರೆ ಹೆದರುತ್ತಾಳೆ. ಹುಣಸೆ ಬೀಜದ ಕಟ್ಟು ಕೊಟ್ಟರೆ ಮಾಡುತ್ತಾಳೆ. ಬೀಜ ಕಿಟಕಿಯ ಗೂಡಿನಲ್ಲಿದೆ.” ಮತ್ತೊಂದರಲ್ಲಿ: “ಅಮ್ಮ ಇಲ್ಲ. ಅಮ್ಮನ ಪಾಠ ಬಂದಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ.”

ಶಾಲೆ ಮೇ 29ಕ್ಕೆ ತೆರೆಯುತ್ತದೆ. ಪುಸ್ತಕ ನನ್ನ ಬೀರುವಿನಲ್ಲಿದೆ. ಅದರ ಕೊನೆಯ ಪುಟದಲ್ಲಿ ಅವಳು ತನ್ನ ಮೊಬೈಲ್ ಸಂಖ್ಯೆ ಬರೆದು, ಕೆಳಗೆ ಒಂದು ಸಾಲು ಸೇರಿಸಿದ್ದಾಳೆ: “ಯಾವ ಮಗುವಿನ ಬಗ್ಗೆಯಾದರೂ ತಿಳಿಯದಿದ್ದರೆ ಸಂಜೆ ಆರರ ನಂತರ ಕರೆ ಮಾಡಿ, ಹಗಲು ಕೆಲಸದಲ್ಲಿರುತ್ತೇನೆ.”